ರೈಸ್ ಮಿಲ್ಲಿನ ಕಂಪ್ಯೂಟರಿಗೆ ಹಿಡಿದ ರಾಹುಕಾಲ

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷ ಆಗಿದ್ದ ಕಾಲ. ನಾನು ನಂಜನಗೂಡಿನಿಂದ ದಿನಾ ಬಸ್ಸು ಹಿಡಿದು ತಿ. ನರಸೀಪುರದ ಒಂದು ರೈಸ್ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಅಕ್ಕಿ ಆರಿಸುವುದಕ್ಕಲ್ಲ, ಜಾವಾ ಪ್ರೋಗ್ರಾಂ ಬರೆಯುವುದಕ್ಕೆ. ಇದನ್ನು ನೆಂಟರಿಗೆ ಅರ್ಥ ಮಾಡಿಸುವ ಪ್ರಯತ್ನವನ್ನು ಬೇಗನೆ ಕೈಬಿಟ್ಟೆ. "ಮಿಲ್ಲಲ್ಲಿ ಲೆಕ್ಕ ಬರೀತಾಳೆ" ಎಂದು ಸೋದರತ್ತೆ ತಮ್ಮೂರು ಬದನವಾಳಿನಲ್ಲೆಲ್ಲ ಸಾರಿಬಿಟ್ಟಿದ್ದರು. ನಾನೂ ಹೂಂ ಅಂದು ಸುಮ್ಮನಾಗಿದ್ದೆ.

ಮಿಲ್ಲಿನ ಸಾಹುಕಾರರಿಗೆ ಯಾರನ್ನು ಕಂಡರೂ ಅನುಮಾನ. ಕೈಯಲ್ಲಿ ಬರೆದ ತೂಕದ ಚೀಟಿಯನ್ನಂತೂ ನಂಬುತ್ತಲೇ ಇರಲಿಲ್ಲ. ಮೈಸೂರಿನಲ್ಲಿ ಎಲ್ಲೋ ಕಂಪ್ಯೂಟರ್ ಚೀಟಿ ನೋಡಿ ಬಂದವರೇ ತಮಗೂ ಅದೇ ಬೇಕು ಎಂದರು. ಹಾಗಾಗಿ ಗೇಟಿನಲ್ಲಿ ಒಂದು ಕಂಪ್ಯೂಟರ್, ತೂಕದ ಮನೆಯಲ್ಲಿ ಒಂದು, ಆಫೀಸಿನಲ್ಲಿ ಒಂದು ಬಂದವು. ಭತ್ತದ ಗಾಡಿ ಬಂದರೆ ಗೇಟಿನವನು ಬ್ರೌಸರಿನಲ್ಲಿ ಗಾಡಿ ನಂಬರು ಹೊಡೆಯಬೇಕು, ತೂಕದವನು ತೂಕ ಹೊಡೆಯಬೇಕು, ಆಫೀಸಿನಲ್ಲಿ ಚೀಟಿ ಅಚ್ಚಾಗಬೇಕು. ಈ ಮೂರೂ ಕೇಳಿದ್ದಕ್ಕೆ ಉತ್ತರ ಕೊಡುವ ನಾಲ್ಕನೆಯ ಕಂಪ್ಯೂಟರು ಆಫೀಸಿನ ಹಿಂದಿನ ಚಿಕ್ಕ ರೂಮಿನಲ್ಲಿತ್ತು. ಅದರಲ್ಲಿ ಹಗಲೂ ರಾತ್ರಿ ಓಡುತ್ತಿದ್ದದ್ದು, ನನ್ನ ಪ್ರೋಗ್ರಾಮನ್ನು ನಡೆಸುವ ಸರ್ವ್ಲೆಟ್ ಎಂಜಿನ್. ಎಂಜಿನ್ ಎಂಬ ಮಾತು ಕಿವಿಗೆ ಬಿದ್ದು ಮಿಲ್ಲಿನ ಮೆಕ್ಯಾನಿಕ್ಕು ನೋಡಲು ಬಂದಿದ್ದ. ಪರದೆಯ ತುಂಬ ಒಂದು ಕಪ್ಪು ಕಿಟಕಿ, ಹೊರಗಿನಿಂದ ಯಾರಾದರೂ ಏನಾದರೂ ಕೇಳಿದಾಗ ಅದರಲ್ಲಿ ಒಂದು ಬಿಳಿ ಸಾಲು ಮೂಡಿ ಮೇಲಕ್ಕೆ ಸರಿಯುತ್ತಿತ್ತು, ಅಷ್ಟೆ. "ಇದಕ್ಕಾ ಇಷ್ಟೊಂದ್ ಕರೆಂಟು?" ಎಂದು ಬೇಜಾರು ಮಾಡಿಕೊಂಡು ಹೋದ.

ಆದರೆ ನನಗೆ ಆ ಬಿಳಿ ಸಾಲುಗಳನ್ನು ನೋಡುತ್ತ ಕೂರುವುದೆಂದರೆ ಪ್ರಾಣ. ಆ ಪ್ರೋಗ್ರಾಂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಾನೇ ಬರೆದದ್ದು. ಗೇಟಿನಲ್ಲಿ ಟ್ರ್ಯಾಕ್ಟರು ನಿಂತರೆ ನನ್ನ ಕಪ್ಪು ಕಿಟಕಿಯಲ್ಲಿ ಅದರ ನಂಬರು ಬರುತ್ತಿತ್ತು. ಸುಗ್ಗಿ ಮುಗಿಯುವವರೆಗೆ ತೊಂದರೆಯಿಲ್ಲದೆ ಓಡಿದರೆ ಕೆಲಸ ಖಾಯಂ ಮಾಡುತ್ತೇನೆಂದು ಸಾಹುಕಾರರು ಮಾತು ಕೊಟ್ಟಿದ್ದರು. ಆ ಕೆಲಸ ನನಗೆ ಬೇಕಿತ್ತು. ಸಂಬಳಕ್ಕಿಂತ ಹೆಚ್ಚಾಗಿ, ನಾನು ಮಾಡಿದ ಒಂದು ವಸ್ತು ನನ್ನ ಕಣ್ಣೆದುರೇ ಓಡುತ್ತಿರಬೇಕು ಎಂಬ ಆಸೆ.

ಓಡಿತು. ಶುಕ್ರವಾರ ಒಂದು ಬಿಟ್ಟು.

ಶುಕ್ರವಾರ ಬೆಳಿಗ್ಗೆ ನಂಜನಗೂಡಿನಲ್ಲಿ ಒಂದು ಕಂಪ್ಯೂಟರ್ ಸೆಂಟರಿನ ಹುಡುಗಿಯರಿಗೆ ಪಾಠ ಹೇಳುವ ಒಪ್ಪಂದ ಮೊದಲೇ ಇತ್ತು. ಅದನ್ನು ಮುಗಿಸಿ ಬಸ್ಸು ಹತ್ತಿ ಮಿಲ್ಲು ಸೇರುವಾಗ ಹನ್ನೆರಡು ಗಂಟೆ. ಅಂಥ ಒಂದು ಶುಕ್ರವಾರ ಬಂದು ನೋಡುತ್ತೇನೆ, ಗೇಟಿನಿಂದ ರಸ್ತೆಯವರೆಗೆ ಟ್ರ್ಯಾಕ್ಟರುಗಳ ಸಾಲು. ಮೂರೂ ಕಡೆ ಬ್ರೌಸರಿನ ಮೂಲೆಯಲ್ಲಿದ್ದ ಪುಟ್ಟ ಭೂಮಿ ತಿರುಗುತ್ತಿದೆ, ತಿರುಗುತ್ತಲೇ ಇದೆ, ಪುಟ ಮಾತ್ರ ಬರುತ್ತಿಲ್ಲ. ಕೆಟ್ಟಿದ್ದೇನೆ ಎಂದು ಒಂದು ಎರರ್ ಆದರೂ ಕೊಡಬೇಕಲ್ಲ, ಅದೂ ಇಲ್ಲ. ಕೈಚೀಟಿ ಬರೆಯೋಣವೆಂದರೆ ಸಾಹುಕಾರರು ಹಳೆಯ ಚೀಟಿ ಪುಸ್ತಕಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದು, ಬೀಗದ ಕೈ ಸಮೇತ ಮೈಸೂರಿಗೆ ಹೋಗಿದ್ದರು.

"ಏನ್ ಮೇಡಮ್ಮೋ, ಭತ್ತ ಮೊಳಕೆ ಬಂದಾದ್ಮೇಲೆ ತೂಕ ಆಕೀರಾ?" ಎಂದು ಟ್ರ್ಯಾಕ್ಟರಿನ ಮೇಲಿದ್ದ ರೈತನೊಬ್ಬ ಕೂಗಿದ. ನಾನು ಓಡಿಹೋಗಿ ಕಪ್ಪು ಕಿಟಕಿಯನ್ನು ಮುಚ್ಚಿ, ಹೊಸದಾಗಿ ತೆರೆದು ಎಂಜಿನ್ ಶುರು ಮಾಡಿದೆ. ಎಲ್ಲ ಸರಿಹೋಯಿತು. ಮುಂದಿನ ಶುಕ್ರವಾರವೂ ಅದೇ ಕಥೆ, ಅದರ ಮುಂದಿನ ಶುಕ್ರವಾರವೂ ಅದೇ.

ಇದರ ಗುಟ್ಟನ್ನು ಮೊದಲು ಪತ್ತೆ ಹಚ್ಚಿದವರು ಮಿಲ್ಲಿನ ರೈಟರು. ಸಾಹುಕಾರರ ಅಪ್ಪನ ಕಾಲದಿಂದ ಲೆಕ್ಕ ಬರೆಯುತ್ತಿದ್ದ ಹಿರಿಯರು, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಮಧ್ಯಾಹ್ನ ತಮ್ಮ ಮಜ್ಜಿಗೆಯಲ್ಲಿ ಅರ್ಧ ನನಗೆ ಬಗ್ಗಿಸಿ ಕೊಡುತ್ತಿದ್ದರು. "ಇದ್ರಲ್ಲಿ ನಿಂದೇನ್ ತಪ್ಪಿಲ್ಲ ಕಣವ್ವ" ಎಂದು ಅವರು ಗಡಿಯಾರ ತೋರಿಸಿದರು. "ಶುಕ್ರವಾರ ರಾವುಕಾಲ ಯಾವಾಗ? ಅತ್ತೂವರೆಯಿಂದ ಅನ್ನೆರಡು. ಇದು ನಿಲ್ಲಾದ್ಯಾವಾಗ? ಅತ್ತೂವರೆ. ಸರ್ಯಾಗಾದ್ಯಾವಾಗ? ಅನ್ನೆರಡು. ಇನ್ನೇನ್ ಬೇಕು?"

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಪ್ಪ ಪ್ರೈಮರಿ ಸ್ಕೂಲ್ ಮೇಷ್ಟರಾಗಿದ್ದವರು. ನಮ್ಮ ಮನೆ ಬುದ್ಧನ ಕಡೆ ಹೊರಳಿ ಆಗಲೇ ಬಹಳ ಕಾಲವಾಗಿತ್ತು. ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್ ತೂಗುಹಾಕಿದರೆ ಅಪ್ಪ ತಾರೀಖಷ್ಟೇ ಉಳಿಸಿ ಮಿಕ್ಕದ್ದನ್ನು ಕತ್ತರಿಸುತ್ತಿದ್ದರು. ಅಂಥವರ ಮಗಳು ಬರೆದ ಪ್ರೋಗ್ರಾಂ ರಾಹುಕಾಲ ಪಾಲಿಸುತ್ತದೆಂದರೆ ನಾನು ಮನೆಗೆ ಯಾವ ಮುಖ ಹೊತ್ತು ಹೋಗಲಿ?

ಆದರೆ ಊರಿಗೆ ಊರೇ ಒಪ್ಪಿತು. ರೈತರಿಗೆ ಇದರಿಂದ ಸಂತೋಷವೇ ಆಯಿತು. ಕಂಪ್ಯೂಟರೂ ನಮ್ಮಂಗೇ ದೇವ್ರು ದಿಂಡ್ರು ನೋಡ್ತದೆ ಎಂದು ಅದರ ಮೇಲೆ ಸ್ವಲ್ಪ ಗೌರವ ಬಂತು. ಕೆಲವರು ಶುಕ್ರವಾರ ಹತ್ತೂವರೆಗೆ ಮುಂಚೆ ಗಾಡಿ ಹೊಡೆದುಕೊಂಡು ಬರತೊಡಗಿದರು. ಕಂಪ್ಯೂಟರ್ ರೂಮಿನ ಬಾಗಿಲಿಗೆ ಯಾರೋ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು.

ನಾನು ಪ್ರೋಗ್ರಾಮನ್ನು ಅಕ್ಷರ ಅಕ್ಷರ ಜಾಲಾಡಿದೆ. ಮೆಮೊರಿ ನೋಡಿದೆ. ಇಲಿ ಕಡಿದಿದೆಯೇನೋ ಎಂದು ಮಂಡಿಯೂರಿ ಕೇಬಲ್ಲಿನ ಉದ್ದಕ್ಕೂ ಹೋದೆ. ಎಲ್ಲಿ ನಿಲ್ಲುತ್ತದೆಂದು ತಿಳಿಯಲಿ ಎಂದು, ಒಂದೊಂದು ಕೋರಿಕೆಗೂ ಕಪ್ಪು ಕಿಟಕಿಯಲ್ಲಿ ಹತ್ತಾರು ಸಾಲು ಬರುವಂತೆ ಮಾಡಿದೆ. ಎರರ್ ಬಂದರೆ ಆ ಸಾಲುಗಳನ್ನು ಮೌಸಿನಿಂದ ಗುರುತು ಹಾಕಿ ಕಾಪಿ ಮಾಡಿಕೊಳ್ಳಲು ಅನುಕೂಲವಾಗಲೆಂದು ಆ ಕಿಟಕಿಯ ಸೆಟ್ಟಿಂಗಿನಲ್ಲಿ ಮೊದಲೇ ಒಂದು ಟಿಕ್ ಹಾಕಿಟ್ಟಿದ್ದೆ. ಎರರೇ ಬರಲಿಲ್ಲ, ಕಾಪಿ ಏನು ಮಾಡುವುದು?

ಕೊನೆಗೆ ಒಂದು ಗುರುವಾರ ಸಂಜೆ ನಾನು ಮಾಡಿದ ಕೆಲಸ ಕೇಳಿದರೆ ನಗುತ್ತೀರಿ. ಕಂಪ್ಯೂಟರಿನ ತಾರೀಖನ್ನು ಒಂದು ದಿನ ಹಿಂದಕ್ಕೆ ಹಾಕಿದೆ. ಮಾರನೆಯ ದಿನ ಅದರ ಪಾಲಿಗೆ ಗುರುವಾರವೇ ಆಗಿರಬೇಕು ಎಂಬುದು ನನ್ನ ಲೆಕ್ಕ. ಶುಕ್ರವಾರ ಬೆಳಿಗ್ಗೆ ಬಂದ ರೈತರಿಗೆಲ್ಲ ಗುರುವಾರದ ಚೀಟಿ ಸಿಕ್ಕಿತು. ಹತ್ತೂವರೆಗೆ ಸರಿಯಾಗಿ ಕಂಪ್ಯೂಟರು ಮತ್ತೆ ನಿಂತಿತು. "ಕಂಪ್ಯೂಟ್ರಿಗೆ ಮೋಸ ಮಾಡ್ಬೋದು, ರಾವುಗೆ ಮಾಡಕ್ಕಾಯ್ತದಾ?" ಎಂದು ರೈಟರು ಕನಿಕರದಿಂದ ಕೇಳಿದರು. ಮನೆಯಲ್ಲಿ ಅಪ್ಪ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ನೀನು ತಾರೀಖು ಬದಲಾಯಿಸಿದ್ದು ಯಾಕೆ? ಒಳಗೊಳಗೇ ನಂಬಿದ್ದೀಯ ಅಂತ ತಾನೆ?" ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು, ಅವರು ಹೇಳಿದ್ದು ನಿಜ ಅನ್ನುವುದಕ್ಕೆ ಇನ್ನೂ ಸಿಟ್ಟು ಬಂತು.

ಸಾಹುಕಾರರಿಗೆ ಮಾತ್ರ ಗುರುವಾರದ ಚೀಟಿ ನೋಡಿ ನಗು ಬರಲಿಲ್ಲ. "ನೋಡಮ್ಮ, ಬರೋ ಶುಕ್ರವಾರ ಇದು ಯಾಕೆ ನಿಲ್ತದೆ ಅಂತ ನೀನು ಹೇಳ್ಬೇಕು. ಇಲ್ದಿದ್ರೆ ಮೈಸೂರಿನ ಕಂಪನಿಯವರನ್ನ ಕರೆಸ್ತೀನಿ, ನೀನು ನಂಜನಗೂಡಲ್ಲೇ ಪಾಠ ಹೇಳ್ಕಂಡಿರು" ಎಂದರು. ಆಮೇಲೆ ಎಲ್ಲರನ್ನೂ ಸೇರಿಸಿ, ನಾನು ಬಿಟ್ಟು ಇನ್ಯಾರಾದರೂ ಆ ಕಂಪ್ಯೂಟರನ್ನು ಮುಟ್ಟಿದರೆ ಅವತ್ತೇ ಮನೆಗೆ ಎಂದು ಕೂಗಾಡಿದರು. ಅವರು ಸುಮ್ಮನೆ ಹೇಳುವವರಲ್ಲ. ಆ ರೂಮಿನಲ್ಲಿ ಫ್ಯಾನಿದೆ ಎಂದು ಮಧ್ಯಾಹ್ನ ಅಲ್ಲಿ ನಿದ್ದೆ ಹೊಡೆದ ವಾಚ್‌ಮನ್ನನ್ನು ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಕೆಲಸದಿಂದ ಕಳಿಸಿದ್ದರು.

ಆ ಶುಕ್ರವಾರ ಪಾಠಕ್ಕೆ ರಜೆ ಹೇಳಿ ಮೊದಲ ಬಸ್ಸಿಗೇ ನರಸೀಪುರಕ್ಕೆ ಬಂದೆ. ಕಪ್ಪು ಕಿಟಕಿಯ ಮುಂದೆ ಕುರ್ಚಿ ಹಾಕಿ ಕೂತೆ. ಇವತ್ತು ರಾಹು ಬಂದರೆ ಮುಖಾಮುಖಿ ನೋಡಿಯೇ ಬಿಡೋಣ ಅನ್ನುವ ಹಟ. ಬಿಳಿ ಸಾಲುಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ಹೊರಗೆ ಟ್ರ್ಯಾಕ್ಟರುಗಳ ಸದ್ದು.

ಹತ್ತೂಕಾಲು ದಾಟಿತ್ತು. ಊದುಬತ್ತಿಯ ವಾಸನೆ ಬಂತು. ಹಿಂದೆಯೇ ರೈಟರು ಬಂದರು, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಒದ್ದೆ ಬಟ್ಟೆ. ಶುಕ್ರವಾರದ ಪೂಜೆ ಅವರದೇ. ಗಲ್ಲಾಪೆಟ್ಟಿಗೆ, ತಕ್ಕಡಿ, ಮೆಷೀನು ಎಲ್ಲ ಮುಗಿಸಿ, ರಾಹುಕಾಲ ಹುಟ್ಟುವುದರೊಳಗೆ ಕೊನೆಗೆ ಈ ರೂಮಿಗೆ ಬರುತ್ತಿದ್ದರಂತೆ. ಪೂಜೆ ಮಾಡುವುದನ್ನು ಮುಟ್ಟುವುದು ಎಂದು ಅವರೂ ಎಣಿಸಿರಲಿಲ್ಲ, ಬೇರೆ ಯಾರೂ ಎಣಿಸಿರಲಿಲ್ಲ.

"ವಸಿ ಏಳವ್ವ, ಎಲ್ಡೇ ನಿಮ್ಸ" ಎಂದರು. ಎದ್ದು ಪಕ್ಕಕ್ಕೆ ನಿಂತೆ. ಅವರು ಮಾನಿಟರಿನ ಧೂಳು ಒರೆಸಿದರು. ಕೀಬೋರ್ಡು ಒರೆಸಿದರು. ಆಮೇಲೆ ಮೌಸನ್ನು ಎತ್ತಿ, ಮಗುವಿನ ಮುಖ ತೊಳೆಯುವ ಹಾಗೆ ಮೇಲೆ ಕೆಳಗೆ ಮುತುವರ್ಜಿಯಿಂದ ಒರೆಸಿ, ಅದರ ಬೆನ್ನಿಗೆ ಕುಂಕುಮ ಒತ್ತಿದರು. ಒತ್ತಿದ್ದು ಎಡಗಡೆಯ ಗುಂಡಿಯ ಮೇಲೆ.

ಬಿಳಿ ಸಾಲುಗಳು ನಿಂತವು.

ಹೊರಗಿನಿಂದ ಗೇಟಿನವನ ಕೂಗು ಕೇಳಿತು: "ಮೇಡಂ, ಇಡ್ಕತ್ತು ಕಣಿ!" ರೈಟರು ಗಡಿಯಾರ ನೋಡಿದರು. ಹತ್ತೂವರೆಗೆ ಇನ್ನೂ ಐದು ನಿಮಿಷವಿತ್ತು. "ಇದೇನವ್ವ ಇದು, ಇವತ್ತು ಮುಂಚೇನೇ ಬಂದ್ಬುಡ್ತಾ?" ಎಂದು ತಟ್ಟೆ ಹಿಡಿದೇ ಹೆದರಿ ನಿಂತರು.

ನಾನು ಪರದೆಗೆ ಮುಖ ಹಚ್ಚಿ ನೋಡಿದೆ. ಕಪ್ಪು ಕಿಟಕಿಯಲ್ಲಿ ಮೌಸ್ ಒತ್ತಿದ ಕಡೆ ಒಂದು ಚಿಕ್ಕ ಬಿಳಿ ಚೌಕ ಮೂಡಿತ್ತು. ನಾನು ಹಾಕಿಟ್ಟಿದ್ದ ಟಿಕ್ಕಿನ ಪ್ರತಾಪ ಅದು. ಆ ಕಿಟಕಿಯಲ್ಲಿ ಎಲ್ಲಾದರೂ ಒತ್ತಿದರೆ, ಏನೋ ಕಾಪಿ ಮಾಡುತ್ತಾರೆ ಎಂದುಕೊಂಡು ಕಂಪ್ಯೂಟರು ಅದರ ಬರವಣಿಗೆಯನ್ನು ತಡೆದು ನಿಲ್ಲಿಸುತ್ತದೆ. ಸಾಲು ಬರೆಯದೆ ನನ್ನ ಪ್ರೋಗ್ರಾಂ ಮುಂದೆ ಹೆಜ್ಜೆ ಇಡುವುದಿಲ್ಲ. ಅದು ಹೆಜ್ಜೆ ಇಡದೆ ಬ್ರೌಸರಿಗೆ ಉತ್ತರ ಹೋಗುವುದಿಲ್ಲ. ಪ್ರತಿ ಶುಕ್ರವಾರ ನಾನು ಬಂದವಳೇ ಗಾಬರಿಯಲ್ಲಿ ಆ ಕಿಟಕಿಯನ್ನೇ ಮುಚ್ಚುತ್ತಿದ್ದೆ, ಇನ್ನು ಚೌಕ ಕಾಣುವುದೆಲ್ಲಿ? ಎಂಟರ್ ಕೀ ಒತ್ತಿದೆ. ತಡೆದಿದ್ದ ಸಾಲುಗಳೆಲ್ಲ ಮೂಟೆ ಬಿಚ್ಚಿದ ಭತ್ತದ ಹಾಗೆ ದಬದಬ ಸುರಿದವು. ಗೇಟಿನವನು "ಬುಡ್ತು, ಬುಡ್ತು!" ಎಂದು ಕೂಗಿದ.

ನಾನು ಕುಣಿಯುವುದೊಂದು ಬಾಕಿ. ರೈಟರನ್ನು ಕುರ್ಚಿಯಲ್ಲಿ ಕೂರಿಸಿ ಎಲ್ಲ ವಿವರಿಸಿದೆ. ಅವರು ನಂಬಲಿಲ್ಲ. ಮೌಸನ್ನು ಅವರ ಕೈಗೇ ಕೊಟ್ಟೆ. ಒತ್ತಿದರು, ನಿಂತಿತು. ಎಂಟರ್ ಒತ್ತಿಸಿದೆ, ಓಡಿತು. ಇನ್ನೊಮ್ಮೆ ಒತ್ತಿದರು, ಮತ್ತೆ ನಿಂತಿತು. ಗೇಟಿನವನು ಮಾತ್ರ "ಇಡ್ಕತ್ತು, ಬುಡ್ತು" ಎಂದು ಕೂಗಿ ಕೂಗಿ ಸುಸ್ತಾದ. ಆಟ ಮುಗಿದ ಮೇಲೆ ರೈಟರ ಮುಖ ಬಾಡಿತು. "ಅಂಗಾರೆ ಇಷ್ಟ್ ವಾರ ನಿಲ್ಲಿಸ್ತಿದ್ದೋನು ನಾನಾ?" ಎಂದವರೇ ಕುಂಕುಮದ ಕೈಯನ್ನು ಪಂಚೆಗೆ ಒರೆಸಿಕೊಂಡರು. ಆಗ ನನಗೆ, ಮುಟ್ಟಿದವರು ಅವತ್ತೇ ಮನೆಗೆ ಎಂದ ಸಾಹುಕಾರರ ಮಾತು ನೆನಪಾಯಿತು. ಕುಣಿಯುವ ಉತ್ಸಾಹ ಇಳಿದುಹೋಯಿತು. ನಾನು ಆ ಟಿಕ್ ತೆಗೆದುಹಾಕಿದೆ.

ಸಾಹುಕಾರರು ಬಂದಾಗ ಹನ್ನೊಂದೂಮುಕ್ಕಾಲು. ರಾಹುಕಾಲ ಮುಗಿಯುವ ಮುಂಚೆಯೇ ಚೀಟಿ ಅಚ್ಚಾಗುತ್ತಿರುವುದನ್ನು ಕಣ್ಣಾರೆ ನೋಡಿದರು. ಆದರೂ ಮುಖ ಸಡಿಲವಾಗಲಿಲ್ಲ. ನಮ್ಮಿಬ್ಬರನ್ನೂ ತಮ್ಮ ರೂಮಿಗೆ ಕರೆಸಿಕೊಂಡರು.

"ಬೆಳಿಗ್ಗೆ ಹಿಡ್ಕಂಡು ಬಿಟ್ಟು ಮಾಡ್ತಿತ್ತಂತೆ. ಏನು ಕಾರಣ?"

"ಮೌಸ್ ಒತ್ತಿದ್ದರಿಂದ ನಿಲ್ಲುತ್ತಿತ್ತು ಸರ್. ಇನ್ನು ನಿಲ್ಲಲ್ಲ, ಸರಿ ಮಾಡಿದ್ದೀನಿ" ಎಂದೆ.

"ಒತ್ತಿದ್ದು ಯಾರು?"

ನಾನು ಮೇಜಿನ ಗಾಜಿನ ಕೆಳಗಿದ್ದ ದೇವರ ಪಟ ನೋಡುತ್ತ ನಿಂತೆ. ಈ ವಯಸ್ಸಿನಲ್ಲಿ ರೈಟರಿಗೆ ಇನ್ನೊಂದು ಮಿಲ್ಲು ಎಲ್ಲಿ ಸಿಗುತ್ತದೆ? ಹೆಸರು ಹೇಳದಿದ್ದರೆ ನನಗೆ ಈ ಮಿಲ್ಲು ಎಲ್ಲಿ ಉಳಿಯುತ್ತದೆ?

"ಹೇಳಕ್ಕಾಗಲ್ಲ ಅಂದ್ರೆ ನೀನೇ ಏನೋ ಕೆಡಿಸಿದ್ದೀಯ ಅಂತಾಯ್ತು. ಮೈಸೂರಿನವರಿಗೆ ಫೋನ್ ಮಾಡ್ತೀನಿ" ಎಂದು ಸಾಹುಕಾರರು ಫೋನಿಗೆ ಕೈಹಾಕಿದರು.

"ಸಾ" ಎಂದು ರೈಟರು ಒಂದು ಹೆಜ್ಜೆ ಮುಂದೆ ಬಂದರು. "ಆ ರಾವು ನಾನೇ ಸಾ."

ಸಾಹುಕಾರರ ಕೈ ಫೋನಿನ ಮೇಲೇ ನಿಂತಿತು. ರೈಟರು ಕೈಮುಗಿದರು. "ಪೂಜೆಗ್ ಓಗಿ ವಾರವಾರ ನಾನೇ ಒತ್ತಿ ನಿಲ್ಲಿಸ್ಬುಡ್ತಿದ್ದೆ. ಈ ಮಗೀದು ಏನೂ ತಪ್ಪಿಲ್ಲ. ಮುಟ್ಟಿದೋರ್ನ ಮನೆಗ್ ಕಳಿಸ್ತೀನಿ ಅಂದಿದ್ರಿ, ಕಳಿಸಿ ಸಾ." ಒಂದು ಸಲ ಗೋಡೆಯ ಗಡಿಯಾರ ನೋಡಿದರು. "ಆದ್ರೆ ಇನ್ನೊಂದ್ ಅತ್ ನಿಮ್ಸ ತಡೀರಿ. ರಾವುಕಾಲ ಮುಗದ್ಮೇಲೆ ಕಳಿಸಿ."

ಯಾರೂ ನಗಲಿಲ್ಲ. ಸಾಹುಕಾರರು ಫೋನಿನಿಂದ ಕೈ ತೆಗೆದು ಕುರ್ಚಿಗೆ ಒರಗಿದರು. ರೈಟರು ಕೈಮುಗಿದುಕೊಂಡೇ ನಿಂತಿದ್ದರು. ಮೂವರೂ ಗಡಿಯಾರ ನೋಡುತ್ತ ಕಾದೆವು. ರಾಹುಕಾಲ ಯಾವಾಗಪ್ಪಾ ಮುಗಿಯುತ್ತದೆ ಎಂದು ನಾನು ಜನ್ಮದಲ್ಲಿ ಕಾದದ್ದು ಅದೊಂದೇ ಸಲ, ಅದು ಮುಗಿಯದೇ ಇರಲಿ ಎಂದು ಬೇಡಿಕೊಂಡದ್ದೂ ಆಗಲೇ.

ಹನ್ನೆರಡು ಹೊಡೆಯಿತು. ಸಾಹುಕಾರರು ಗಂಟಲು ಸರಿಮಾಡಿಕೊಂಡರು.

"ಹೋಗ್ರೀ" ಎಂದರು. ರೈಟರು ಮುಗಿದ ಕೈ ಇಳಿಸಿ ಬಾಗಿಲ ಕಡೆ ತಿರುಗಿದರು. "ಹೋಗಿ ಕೆಲಸ ನೋಡ್ಕಳ್ರೀ, ಇಬ್ರೂವೆ."