ಯಜಮಾನಿ ರೊಕ್ಕಕ್ಕೆ ಅಡ್ಡ ಬಂದ ಹೆಸರು

ಬಳಗಾನೂರಿನ ಗದ್ದೆಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ಹೇಳುತ್ತದೆ. ಇರದೆ ಏನು ಮಾಡೀತು? ಸರ್ಕಾರ ತಿಂಗಳಿಗೊಮ್ಮೆ ಮನೆಯ ಯಜಮಾನಿಯ ಖಾತೆಗೆ ರೊಕ್ಕ ಹಾಕಲು ಶುರು ಮಾಡಿದಾಗಿನಿಂದ, ಅದನ್ನು ಏನು ಮಾಡಬೇಕೆಂದು ಆಕೆಗೆ ಬುದ್ಧಿ ಹೇಳದವರು ಊರಲ್ಲಿ ಉಳಿದಿಲ್ಲ. ಗಂಡ ಟಿವಿ ತರೋಣ ಅಂದ. ಚಹಾದಂಗಡಿಯಲ್ಲಿ ಕೂತವರು, "ರೊಕ್ಕ ಕೊಟ್ಟು ಹೆಣ್ಮಕ್ಕಳ್ನ ಕೆಡಿಸಿಬಿಟ್ರು, ಕೂಲಿಗೆ ಕರದ್ರ ಒಬ್ಬಾಕಿ ಬರವಲ್ಲಳು" ಎಂದು ಆಕೆಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದರು. ಬೆಳಗಿನಿಂದ ಸಂಜೆತನಕ ಬೆಂಚು ಬಿಟ್ಟು ಏಳದವರು ಇನ್ನೊಬ್ಬರ ಸೋಮಾರಿತನ ಅಳೆಯುವುದನ್ನು ಕಂಡರೆ ಗದ್ದೆಮ್ಮನಿಗೇನು, ಯಾರಿಗಾದರೂ ಮೈ ಉರಿಯುತ್ತದೆ.

ಮದುವೆಯಾಗಿ ಬಂದಾಗಿನಿಂದ ಆಕೆ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ಸಸಿ ನೆಟ್ಟವಳು. ಮುಂಜಾನೆ ಬಗ್ಗಿಸಿದ ಸೊಂಟವನ್ನು ಸಂಜೆಗೇ ಎತ್ತಬೇಕು. ಕೆಸರಿನಲ್ಲಿ ನಿಂತು ನಿಂತು ಬೆರಳ ಸಂದಿ ಹುಣ್ಣಾಗಿತ್ತು, ಮೊಣಕಾಲು ಮಡಚಿದರೆ ಬಿಚ್ಚುತ್ತಿರಲಿಲ್ಲ. ಯಜಮಾನಿ ರೊಕ್ಕ ಬಂದಾಗ ಆಕೆ ಯಾರ ಬುದ್ಧಿಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಮಸ್ಕಿ ಸಂತೆಯಿಂದ ಒಂದು ಚೀಲ ಜೋಳ ತಂದಳು, ಅಗಲವಾದ ಹಂಚು ತಂದಳು, ಖಡಕ್ ರೊಟ್ಟಿ ಬಡಿಯಲು ಕೂತಳು. ಸುತ್ತಲೂ ಭತ್ತ ಬೆಳೆದರೇನು, ರೊಟ್ಟಿ ಬೇಡುವ ಹೊಟ್ಟೆಗಳು ಅನ್ನಕ್ಕೆ ಸುಮ್ಮನಾಗುತ್ತವೆಯೇ? ಸಿಂಧನೂರಿನ ಒಂದು ಖಾನಾವಳಿಯವರು ದಿನಾ ರೊಟ್ಟಿ ಕೊಳ್ಳುವ ವಾಡಿಕೆ ಹಿಡಿದರು. ರೊಟ್ಟಿಯ ಬುಟ್ಟಿ ಬಸ್ಸಿನಲ್ಲಿ ಹೋಗುತ್ತಿತ್ತು, ಖಾಲಿಯಾಗಿ ಬರುತ್ತಿತ್ತು. ಸರ್ಕಾರದ ರೊಕ್ಕ ಜೋಳಕ್ಕೆ, ಜೋಳದ ರೊಕ್ಕ ಮನೆಗೆ. ಸೋಪಿಗೆ, ಎಣ್ಣೆಗೆ ಗಂಡನ ಮುಂದೆ ಕೈ ಚಾಚುವುದು ತಪ್ಪಿತು. ಈಗ ಅವನೇ ಬೀಡಿ ಕಾಸಿಗಾಗಿ ಒಲೆಯ ಹತ್ತಿರ ಬಂದು ತಲೆ ಕೆರೆಯುತ್ತ ನಿಲ್ಲುತ್ತಿದ್ದ. ಗದ್ದೆಮ್ಮ ಕೊಡುತ್ತಿದ್ದಳು, ಆದರೆ ನಾಲ್ಕು ಮಾತು ಅಂದೇ ಕೊಡುತ್ತಿದ್ದಳು.

ಹೀಗೆ ಎರಡು ವರ್ಷ ನಡೆದ ಮೇಲೆ ರೊಕ್ಕ ಬರುವುದು ನಿಂತಿತು. ತಡವಾಗಿರಬೇಕು ಎಂದು ಆಕೆ ಕಾದಳು. ಕೊನೆಗೆ ಹಿಟ್ಟಿನ ಗಿರಣಿಯ ದಾದೇಸಾಬನಿಗೆ ಫೋನು ತೋರಿಸಿದಾಗ ಅವನು ಕನ್ನಡಕ ಏರಿಸಿ ಮೆಸೇಜು ಓದಿ, "ಯವ್ವಾ, ಹೊಸ ತಪಾಸಣಿಯೊಳಗ ನಿನ್ನ ಹೆಸರು ತಡದಾರ. ಸಿಂಧನೂರಿಗೆ ಹೋಗಿ ಕೇಳು" ಎಂದ.

ಅಲ್ಲಿಯ ಆಫೀಸಿನ ಗುಮಾಸ್ತ ಕಂಪ್ಯೂಟರಿನಿಂದ ಮುಖ ತಿರುಗಿಸದೆ ಕೇಳಿದ: "ಆಧಾರ್‌ನಾಗ ನಿನ್ನ ಗಂಡ ಪಂಪಣ್ಣ. ರೇಷನ್ ಕಾರ್ಡಿನಾಗ ತಮ್ಮಣ್ಣ. ನಿನಗ ಗಂಡಂದಿರು ಎಷ್ಟು ಮಂದಿ ತಾಯಿ?"

"ಒಬ್ಬನ್ನ ಸಂಭಾಳ್ಸೂದ ಸಾಕಾಗೇತ್ರಿ, ಎರಡನೇದವನ್ನ ಎಲ್ಲಿಂದ ತರ್ಲಿ?"

"ಹಂಗಾರ ಖರೇ ಹೆಸರು ಯಾವುದು? ಬಾಯಿಬಿಟ್ಟು ಹೇಳು."

ಗಂಡನ ಹೆಸರನ್ನು ಬರಿಯ ಬಾಯಲ್ಲಿ ಹೇಳುವ ರೂಢಿ ಗದ್ದೆಮ್ಮನಿಗಿಲ್ಲ. ಆದರೆ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳಲು ಒಡಪು ಇದೆಯಲ್ಲ! ಆಕೆ ಸೆರಗು ಸರಿಪಡಿಸಿಕೊಂಡು ಶುರು ಮಾಡಿದಳು: "ಎಡದಂಡಿ ಕಾಲುವಿಗೆ ಬಂತಲ್ಲ ಕೆಂಪು ನೀರು, ಪಂಪಣ್ಣನ ಹೆಸರ ಹೇಳೀನಿ, ತಪ್ಪು ಹುಡುಕಾವ್ರು ಯಾರು?"

ಸಾಲಿನಲ್ಲಿ ನಿಂತ ಹೆಂಗಸರು ನಕ್ಕರು. ತಪ್ಪು ಹುಡುಕುವುದೇ ತನ್ನ ನೌಕರಿಯಾದ್ದರಿಂದ ಗುಮಾಸ್ತ ನಗಲಿಲ್ಲ. "ನೀ ಹೇಳಿದ್ದು ನಡಿಯಂಗಿಲ್ಲ. ರೊಕ್ಕ ತಗೊಳ್ಳಾಕಿ ನೀ. ಕಾರ್ಡಿನಾಗ ಗಂಡನ ತಾಯಿ ಅದಾಳಲ್ಲ, ಆಕಿನ್ನ ಕರ್ಕೊಂಡು ಬಾ. ಮಗನ್ನ ಮುಂದ ನಿಂದ್ರಿಸಿ, ಹೆಸರು ಹೇಳಿ, ಎರಡೂ ಒಬ್ಬನ ಹೆಸರಂತ ಆಕಿ ಹೇಳ್ಬೇಕು. ಫೋನಿನಾಗ ರೆಕಾರ್ಡ್ ಮಾಡ್ಕೋತೀನಿ."

ಗದ್ದೆಮ್ಮ ಅಲ್ಲೇ ಹಣೆ ಚಚ್ಚಿಕೊಂಡಳು. ಲೋಕದಲ್ಲಿ ಯಾರು ಬೇಕಾದರೂ ಆ ಹೆಸರು ಹೇಳಿಯಾರು, ಅತ್ತೆ ಗಾಳೆಮ್ಮ ಮಾತ್ರ ಹೇಳಲಾರಳು. ಯಾಕೆಂದರೆ ಪಂಪಣ್ಣ ಎನ್ನುವುದು ಗಾಳೆಮ್ಮನ ಗಂಡನ ಹೆಸರು. ಮಗ ಹೊಟ್ಟೆಯಲ್ಲಿರುವಾಗಲೇ ಗಂಡ ತೀರಿಕೊಂಡಿದ್ದ, ಮಗುವಿಗೆ ಹಿರಿಯರು ಅವನ ಹೆಸರನ್ನೇ ಇಟ್ಟರು. ಇಟ್ಟವರೇನೋ ಇಟ್ಟು ಹೋದರು, ಕರೆಯುವವಳು ಏನೆಂದು ಕರೆಯಬೇಕು? ತಮ್ಮಣ್ಣ, ತಮ್ಮಣ್ಣ ಎಂದೇ ಸಾಕಿದಳು. ಸೊಸೆ ನಾಟಿಗೆ ಹೋಗಿದ್ದ ದಿನ ರೇಷನ್ ಕಾರ್ಡಿನವರು ಬಂದಾಗ, "ನನಗ ಪೆನ್ಶನ್ ಬರ್ತೈತಿ, ಸೊಸಿನ್ನ ಯಜಮಾನಿ ಅಂತ ಬರಕೋರಿ" ಎಂದು ದೊಡ್ಡ ಮನಸ್ಸು ಮಾಡಿದವಳೂ ಅವಳೇ, ಸೊಸೆಯ ಗಂಡ ಯಾರು ಎಂದು ಕೇಳಿದಾಗ ತಮ್ಮಣ್ಣ ಎಂದು ಬರೆಸಿದವಳೂ ಅವಳೇ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುವುದೆಂದರೆ ಇದೇ.

ಮನೆಗೆ ಬಂದ ಗದ್ದೆಮ್ಮ ಬುಟ್ಟಿಯನ್ನು ದಢಕ್ಕನೆ ಇಟ್ಟು ವಿಷಯ ಹೇಳಿದಳು. ಗಾಳೆಮ್ಮ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ಆಗಂಗಿಲ್ಲವ್ವ."

"ಎದಕ್ಕ ಆಗಂಗಿಲ್ಲ? ಒಂದು ಹೆಸರು ಅಷ್ಟ!"

"ಹೆಸರು ಹೇಳಿದ್ರ ಆಯಸ್ಸು ಕಡಿಮಿ ಆಗ್ತೈತಿ."

"ಸತ್ತಾತನ ಆಯಸ್ಸು ಇನ್ನೇನು ಕಡಿಮಿ ಆಗ್ತೈತಿಬೇ?"

ಮಾತು ಬಾಯಿಂದ ಬಿದ್ದ ಮೇಲೆ ಗದ್ದೆಮ್ಮನಿಗೇ ಕೆಟ್ಟದೆನಿಸಿತು, ಆದರೆ ತಪ್ಪಾಯಿತು ಅನ್ನುವಷ್ಟು ಸಿಟ್ಟು ಇಳಿದಿರಲಿಲ್ಲ. ಒಡಪು ಕಟ್ಟಿ ಹೇಳಿಬಿಡು ಎಂದಳು. ಒಡಪು ಮುತ್ತೈದೆಯರಿಗೆ, ನನಗೆಲ್ಲಿಯದು ಎಂದಳು ಗಾಳೆಮ್ಮ. ಮಗನ ಹೆಸರೆಂದು ತಿಳಿದು ಹೇಳು ಎಂದಳು ಸೊಸೆ. ಬಾಯಿಗೆ ಅದು ತಿಳಿಯುವುದಿಲ್ಲ ಎಂದಳು ಗಾಳೆಮ್ಮ. ಇವರಿಬ್ಬರ ನಡುವೆ ಪಂಪಣ್ಣ ಗೋಡೆಗೆ ಒರಗಿ ಬೀಡಿ ಸೇದುತ್ತ, "ಜಬರ್ದಸ್ತಿ ಮಾಡಬ್ಯಾಡ ಬಿಡು" ಎಂದ. ಅವನ ಹೆಸರಿನ ಜಗಳದಲ್ಲಿ ಅವನು ಆಡಿದ್ದು ಅದೊಂದೇ ಮಾತು. ಇಂಥ ಗಂಡನಿಗೆ ಎರಡೆರಡು ಹೆಸರು ಬೇರೆ ಕೇಡು ಎಂದು ಗದ್ದೆಮ್ಮ ಗೊಣಗಿದಳು.

ಜೋಳದ ಚೀಲ ತಳ ಕಂಡಿತು. ಖಾನಾವಳಿಯವರು ಒಂದು ವಾರ ತಡೆದುಕೊಂಡು ಬೇರೆಯವರಿಗೆ ಹೇಳುತ್ತೇವೆ ಎಂದರು. ಅತ್ತ ಕಾಲುವೆಗೆ ನೀರು ಬಿಟ್ಟಿದ್ದರು. ನಾಟಿಯ ಹೆಂಗಸರ ಗುಂಪು ಕಟ್ಟುವ ಪದ್ಮಾವತಿ ಬಾಗಿಲಿಗೆ ಬಂದು, "ರಾಣಿ ಹಂಗ ಕುಂತಿದ್ದು ಸಾಕಾತೇನು? ನಾಳಿ ಟ್ರ್ಯಾಕ್ಟರ್ ಹತ್ತು, ಜವಳಗೇರಾ ಕಡೆ ನಾಟಿ ಐತಿ" ಎಂದು ನಕ್ಕಳು. ಬೆಂಕಿಯ ಮುಂದೆ ಕೂತು ಬೆವರು ಸುರಿಸುವುದು ಈ ಊರಿನವರ ಕಣ್ಣಿಗೆ ಯಾವಾಗಲೂ ರಾಣಿಯ ಕೆಲಸವೇ. ಗದ್ದೆಮ್ಮ ಹೂಂ ಅಂದಳು. ಬೇರೆ ದಾರಿ ಎಲ್ಲಿತ್ತು?

ಮರುದಿನ ಬೆಳಗಾಗುವ ಹೊತ್ತಿಗೆ ಆಕೆ ಹಂಚನ್ನು ಗೋಡೆಗೆ ಆನಿಸಿಟ್ಟು, ಹಳೆಯ ಸೀರೆಯ ಚಿಂದಿಯನ್ನು ಮೊಣಕಾಲಿಗೆ ಬಿಗಿಯಾಗಿ ಸುತ್ತತೊಡಗಿದಳು. ಒಂದು ಸುತ್ತಿಗೆ ನೋವು ತಡೆಯದೆ ಹಲ್ಲು ಕಚ್ಚಿದಳು. ಗಾಳೆಮ್ಮ ಜಗುಲಿಯಿಂದ ನೋಡುತ್ತಿದ್ದಳು. ಆಕೆಯೂ ನಾಟಿ ಮಾಡಿದವಳೇ. ಆಕೆಯ ಬೆನ್ನು ಗದ್ದೆಯಲ್ಲಿ ಬಗ್ಗಿದ್ದು ಗದ್ದೆ ಬಿಟ್ಟ ಮೇಲೂ ನೆಟ್ಟಗಾಗಿರಲಿಲ್ಲ. ಟ್ರ್ಯಾಕ್ಟರಿನ ಸದ್ದು ಓಣಿಯ ತುದಿಯಲ್ಲಿ ಕೇಳಿತು.

"ಬಿಚ್ಚದನ್ನ," ಎಂದಳು ಗಾಳೆಮ್ಮ.

"ಏನು?"

"ಕಾಲಿಂದು ಬಿಚ್ಚು ಅಂದ್ನಿ. ಸಿಂಧನೂರು ಬಸ್ಸು ಎಷ್ಟೊತ್ತಿಗೈತಿ?"

ಆಫೀಸಿನಲ್ಲಿ ಎಂದಿನಂತೆ ಜಾತ್ರೆ. ಊಟದ ಹೊತ್ತು ದಾಟಿದ ಮೇಲೆ ಇವರ ಪಾಳಿ ಬಂತು. ಗುಮಾಸ್ತ ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಪಂಪಣ್ಣನನ್ನು ಪಕ್ಕಕ್ಕೆ ನಿಲ್ಲಿಸಿ, ಫೋನು ಎತ್ತಿ ಹಿಡಿದು, "ಹೇಳಜ್ಜಿ, ಲಗೂನ" ಎಂದ.

"ಈತ ನನ್ನ ಮಗ," ಎಂದು ಗಾಳೆಮ್ಮ ಅಲ್ಲಿಗೇ ನಿಲ್ಲಿಸಿದಳು. ಗುಮಾಸ್ತ ಗಡಿಯಾರ ನೋಡಿದ. ಹಿಂದಿನವರು ಲೊಚಗುಟ್ಟಿದರು. ಗದ್ದೆಮ್ಮನಿಗೆ ಗುಮಾಸ್ತನ ಮೇಲೆ, ಹಿಂದಿನವರ ಮೇಲೆ, ಹೆಸರಿಟ್ಟ ಹಿರಿಯರ ಮೇಲೆ ಒಟ್ಟಿಗೇ ಸಿಟ್ಟು ಬಂತು. ಸಾಕು, ನಡಿಬೇ, ನಾಟಿಗೇ ಹೋಗ್ತೀನಿ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟಳು:

"ಪಂಪಣ್ಣ."

"ಆಂ, ಯವ್ವಾ?" ಎಂದ ಪಂಪಣ್ಣ.

"ಏ ಮಾರಾಯಾ, ನೀ ಯಾಕ ಮಾತಾಡ್ತಿ? ರೆಕಾರ್ಡ್ ಕೆಟ್ಟು ಹೋತು!" ಗುಮಾಸ್ತ ರೇಗಿದ. "ಅಜ್ಜಿ, ಮತ್ತೊಮ್ಮೆ ಹೇಳು."

ಮತ್ತೊಮ್ಮೆಯಂತೆ! ಗದ್ದೆಮ್ಮ ಗಂಡನನ್ನು ಸರಿಯಾಗಿ ಝಾಡಿಸಬೇಕೆಂದು ತಿರುಗಿದಳು. ನೋಡಿದರೆ, ಮೀಸೆ ನರೆತ ಗಂಡಸು, ಬಾಯಿ ಅರ್ಧ ತೆರೆದು ತಾಯಿಯ ಮುಖವನ್ನೇ ನೋಡುತ್ತ ನಿಂತಿದ್ದ. ಕಣ್ಣುಗಳು ತುಂಬಿದ್ದವು. ಆಕೆ ಬೈಯದೆ ಅತ್ತೆಯ ಕಡೆ ತಿರುಗಿದಳು.

ಗಾಳೆಮ್ಮ ಎರಡನೇ ಸಲ ತಡವರಿಸಲಿಲ್ಲ. "ಈತ ನನ್ನ ಮಗ ಪಂಪಣ್ಣ. ತಮ್ಮಣ್ಣ ಅಂದ್ರೂ ಈತನ. ಈತನ ಅಪ್ಪನೂ ಪಂಪಣ್ಣನ." ಕೊನೆಯದನ್ನು ಯಾರೂ ಕೇಳಿರಲಿಲ್ಲ. ಗುಮಾಸ್ತ ಫೋನು ಇಳಿಸಿ, ಏನೇನೋ ಒತ್ತಿ, "ಆತು. ಮುಂದಿನ ತಿಂಗಳಿಂದ ಬರ್ತೈತಿ, ನಡೀರಿ" ಎಂದ.

ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ತಮ್ಮೂರಿಗೆ ಹೋಗುವ, ಮಸ್ಕಿ ಕಡೆಯ ಬಸ್ಸು ಹೊರಡಲು ನಿಂತಿತ್ತು. ಅದು ತಪ್ಪಿದರೆ ಮುಂದಿನದು ಎಷ್ಟೊತ್ತಿಗೋ. ಗದ್ದೆಮ್ಮ ಮುಂದೆ ಓಡಿ, ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು, ಕಂಡಕ್ಟರನಿಗೆ ತಡಿಯಪ್ಪ ತಡಿ ಎಂದು ಹಿಂದೆ ನೋಡಿದಳು. ತಾಯಿ ಮಗ ಇಬ್ಬರೂ ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತುಬಿಟ್ಟಿದ್ದರು.

"ಬರ್ರಿ ಲಗೂನ! ಏನ್ಮಾಡಾಕತ್ತೀರಿ ಅಲ್ಲಿ?"

ಪಂಪಣ್ಣ ಆಕೆಯ ಕಡೆ ನೋಡಲೂ ಇಲ್ಲ. ಸಣ್ಣ ಹುಡುಗನ ಹಾಗೆ ತಾಯಿಯ ಸೆರಗು ಹಿಡಿದುಕೊಂಡು, "ಯವ್ವಾ, ಇನ್ನೊಂದ್ಸಲ ಕರಿಯಬೇ" ಎನ್ನುತ್ತಿದ್ದ.

ಕಂಡಕ್ಟರ್ ಸೀಟಿ ಊದಿದ. ಗದ್ದೆಮ್ಮ ಮೆಟ್ಟಿಲಿನಿಂದ ಕಾಲು ತೆಗೆದು, "ನೀ ಹೋಗಪ್ಪ" ಎಂದಳು.