ವಾಸನೆಯಿಲ್ಲದ ಹರಳೆಣ್ಣೆ

ಜಗಳೂರಿನ ಅಂಗಡಿಯಲ್ಲಿ ಇವತ್ತು ಹರಳೆಣ್ಣೆ ಕೊಂಡೆ. ಮುಚ್ಚಳ ತೆಗೆದು ಮೂಸಿದರೆ ವಾಸನೆಯೇ ಇಲ್ಲ. "ಇದು ರಿಫೈನ್ ಮಾಡಿದ್ದು ಕಣ್ರೀ. ಫ್ಯಾಕ್ಟರಿಯಾಗೆ ಬಣ್ಣ, ವಾಸನೆ ಎಲ್ಲಾ ತೆಗೀತಾರೆ. ಗ್ರೀಸು, ಪೇಂಟು ಮಾಡಾಕೂ ಇಂಥದ್ದೇ ಹೋಗೋದು" ಎಂದರು ಅಂಗಡಿಯವರು.

ಬಿಳಿಚೋಡಿನಲ್ಲಿ ನಮ್ಮಜ್ಜಿ ಎಣ್ಣೆ ಕಾಯಿಸಿದರೆ ಇಡೀ ಓಣಿಗೆ ಗೊತ್ತಾಗುತ್ತಿತ್ತು. ಹುರಿದು ಕುಟ್ಟಿದ ಹರಳುಬೀಜವನ್ನು ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆಯುತ್ತಿದ್ದಳು. ಆಗ ಹೊರಗಿನವರು ಒಳಗೆ ಬಂದರೆ ಕಣ್ಣು ಬೀಳುತ್ತದೆ ಎಂದು ಅವಳ ನಂಬಿಕೆ. ಅಂಗಳದಲ್ಲಿ ಒಣಗಲು ಹಾಕಿದ ಹಸಿ ಬೀಜ ಕಾಯುವುದು ನನ್ನ ಕೆಲಸ. ನಮ್ಮ ಮೇಕೆ ತಿಂದರೆ ಸಾಯುತ್ತದೆ ಎಂದು ನೂರು ಸಲ ಹೇಳಿದ್ದಳು.

ಅವತ್ತು ಪಕ್ಕದ ಮನೆಯ ಸಾಕಕ್ಕ ಬಟ್ಟಲು ಹಿಡಿದು ನೇರ ಒಲೆಯ ಹತ್ತಿರ ಬಂದಳು. "ಕೂಸಿನ ನೆತ್ತಿಗೆ ಒಂಚೂರು ಎಣ್ಣೆ ಕೊಡ್ರಿ ಅಜ್ಜಿ." ಅಜ್ಜಿ ಬೈಯುವುದನ್ನು ನೋಡುವ ಆಸೆಗೆ ನಾನೂ ಒಳಗೆ ಓಡಿದೆ. ವಾಪಸ್ ಬಂದಾಗ ಮೇಕೆಯ ಮೂತಿ ಬೀಜದ ರಾಶಿಯಲ್ಲಿತ್ತು. ಓಡಿಸಿ, ಬೀಜವನ್ನು ಮತ್ತೆ ಸಮ ಮಾಡಿ ಹರಡಿದೆ.

ಎರಡನೇ ದಿನ ಮೇಕೆ ಸತ್ತಿತು. "ಆ ಪಕ್ಕದ ಮನೆಯೋಳ ಕಣ್ಣೇ ತಾಗಿದ್ದು" ಅಂದಳು ಅಜ್ಜಿ. ಓಣಿಯೂ ನಂಬಿತು. ಆಮೇಲೆ ಯಾರ ಮನೆಯ ತೊಟ್ಟಿಲ ಶಾಸ್ತ್ರಕ್ಕೂ ಸಾಕಕ್ಕನನ್ನು ಕರೆಯಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಸಾಕಕ್ಕ ಈಗಲೂ ಅದೇ ಮನೆಯಲ್ಲಿದ್ದಾಳೆ. ಈ ಬಾಟಲಿ ಕೊಂಡಿದ್ದು ಅವಳಿಗೇ. ಬಿಳಿಚೋಡಿನ ಕಡೆಗೆ ಆಗಲೇ ಎರಡು ಬಸ್ಸು ಹೋದವು. ನಾನಿನ್ನೂ ಸ್ಟ್ಯಾಂಡಿನಲ್ಲೇ ಕೂತಿದ್ದೇನೆ.