ಉಣ್ಣದೆ ಹೋದ ಜಿಲೇಬಿ ಮೀನು

ನಿನ್ನೆ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ನನ್ನ ಮಗಳು ಹೆತ್ತಳು. ಹೆಣ್ಣು ಕೂಸು! ಮಧುವನಹಳ್ಳಿಯ ನಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದೆ, ಕೊಟ್ಟವರಿಗೇ ಮತ್ತೆ ಕೊಟ್ಟೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರವಣಿಗೆ ನಿಧಾನ. ಹಿಗ್ಗು ತಡೆಯಲಾರದೆ ಬರೆಯಲು ಕೂತರೆ, ಇದೇ ಮಗಳು ಉಣ್ಣದೆ ಕೂತಿದ್ದ ಕಾಲವೇ ಕೈಗೆ ಬರುತ್ತಿದೆ.

ಆಗ ಅವಳಿಗೆ ಐದು ವರ್ಷ. ಅವಳವ್ವ, ನನ್ನ ಹೆಂಡತಿ, ಜ್ವರದಲ್ಲಿ ಗಂಜಿಯನ್ನೂ ನುಂಗಲಾರದೆ ತೀರಿಕೊಂಡಿದ್ದಳು. ಅಂದಿನಿಂದ ಕೂಸು ಅಳಲೂ ಇಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ತುತ್ತು ಕೊಟ್ಟರೆ ದವಡೆಯಲ್ಲಿ ಇಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು.

ನಾನು ಯಳಂದೂರಿನ ಕಚೇರಿಯಲ್ಲಿ ಜವಾನ. ವರ್ಗವಾಗಿ ಹೋದ ಸಾಹೇಬರೊಬ್ಬರು ಬಿಟ್ಟುಹೋದ ಗಾಜಿನ ತೊಟ್ಟಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ, ಕೂಸು ನಗಲಿ ಎಂದು. ಕಾಲುವೆಯ ಸಣ್ಣ ಮೀನುಗಳ ಜೊತೆಗೆ, ಮೀನು ಸಾಕುವ ಕೊಳದಿಂದ ಆಫ್ರಿಕಾದ ಜಿಲೇಬಿ ಮೀನು ಒಂದು ಜೋಡಿ ತಂದು ಬಿಟ್ಟೆ. ಗಂಡು ಜಿಲೇಬಿ ಮಿಕ್ಕವನ್ನೆಲ್ಲ ಕಚ್ಚಿ ಮೂಲೆಗೆ ಒತ್ತಿತು. ಕೊಳದ ಕಾವಲುಗಾರನಿಗೆ ಹೇಳಿದರೆ ನಕ್ಕ.

“ಅದು ಊರ ಪಟೇಲ ಕಣ್ರಿ! ಬ್ಯಾರೆ ಮೀನ್ ಜತೆ ಬಾಳಕಿಲ್ಲ. ಒಬ್ಳೇ ಹೆಂಡ್ತಿ ಆದ್ರೆ ಅವಳನ್ನೂ ಅಟ್ಟಾಡಿಸ್ತದೆ. ಇನ್ನೆರಡು ಹೆಣ್ಣು ತಕಂಡೋಗಿ. ಬಚ್ಚಿಟ್ಕಳಕ್ಕೆ ಕಲ್ಲು ಜೋಡ್ಸಿ.”

ಕಾಲುವೆಯ ಮೀನನ್ನು ಕಾಲುವೆಗೇ ಬಿಟ್ಟು, ಇನ್ನೆರಡು ಹೆಣ್ಣು ಜಿಲೇಬಿ ತಂದು ಕಲ್ಲು ಜೋಡಿಸಿದೆ. ತೊಟ್ಟಿಯ ಜಗಳ ತಗ್ಗಿತು. ಲಿಂಗ ಕಟ್ಟಿದ ಮನೆ ನಮ್ಮದು. ಎದುರು ಮನೆಯವನು ಜಗುಲಿಯಿಂದಲೇ ಕೂಗಿದ: “ಏನ್ಲಾ, ಸಾರು ಯಾವತ್ತು?” ನನ್ನವ್ವ ತೊಟ್ಟಿಯ ಹತ್ತಿರ ಬಂದರೆ ಮೂಗಿಗೆ ಸೆರಗು. ಮಗಳು ಮಾತ್ರ ಬೆಳ್ಳಿ ಬಣ್ಣದ ಒಂದು ಹೆಣ್ಣು ಮೀನನ್ನು ತನ್ನದೆಂದಳು.

“ಅದು ತಿಂದ್ರೆ ನಾನೂ ತಿಂತೀನಿ.”

ಅದಕ್ಕೊಂದು ಅಗುಳು, ಇವಳಿಗೊಂದು ತುತ್ತು. ಕೆನ್ನೆ ಸ್ವಲ್ಪ ತುಂಬಿಕೊಂಡಿತು.

ಒಂದು ದಿನ ಆ ಮೀನು ಬಾಯಿ ಬಿಗಿದು ಕಲ್ಲಿನ ಸಂದಿ ಸೇರಿತು. ಗಂಟಲು ಊದಿತ್ತು. ಅಗುಳು ಹಾಕಿದರೆ ತಿರುಗಿ ನೋಡಲಿಲ್ಲ. ಮಗಳೂ ಬಾಯಿ ಬಿಗಿದಳು. ದಿನ ಕಳೆದಂತೆ ಇಬ್ಬರೂ ಸೊರಗಿದರು. ಕಾವಲುಗಾರ ತನ್ನ ಊರಿಗೆ ಹೋಗಿದ್ದ. ನಾವೋ, ಮೀನನ್ನು ಮುಟ್ಟಿ ತಿಳಿದ ಜನವಲ್ಲ.

“ಗಂಟಲು ಬಾವು ಕಣ್ಲಾ,” ಎಂದಳು ನನ್ನವ್ವ. “ಅರಿಸಿನ ಬೇವಲ್ಲಿ ಮನುಷ್ಯರಿಗೇ ವಾಸಿ ಆಯ್ತದೆ, ಮೀನಿಗೆ ಆಗಕಿಲ್ವಾ?”

ಮೊಮ್ಮಗಳು ಉಂಡರೆ ಸಾಕೆಂದು, ಸೆರಗನ್ನೂ ಮರೆತು, ತಾನೇ ಅರೆದು ತಂದು ತೊಟ್ಟಿಗೆ ಕಲಸಿದಳು.

ಮಧ್ಯಾಹ್ನಕ್ಕೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯತೊಡಗಿದವು. ಮಗಳು ತನ್ನ ಮೀನನ್ನು ಬೊಗಸೆಯಲ್ಲಿ ಎತ್ತಿದಳು. ಅದರ ಬಾಯಿ ತೆರೆದುಕೊಂಡಿತು. ಬರೀ ಕಣ್ಣೇ ಕಾಣುವಂಥ ಮರಿಗಳು ಅವಳ ಅಂಗೈಗೆ ಸುರಿದವು. ಬಾವು ಅಲ್ಲ, ಏನೂ ಅಲ್ಲ. ಮರಿಗಳನ್ನು ಬಾಯಲ್ಲಿಟ್ಟುಕೊಂಡು ತಾಯಿ ಉಪವಾಸವಿತ್ತು. ಅದು ಕೈಯಲ್ಲೇ ಸತ್ತಿತು. ಮರಿಗಳನ್ನು ಚೊಂಬಿನ ಹೊಸ ನೀರಿಗೆ ಬಿಟ್ಟೆವು. ಸಂಜೆಯೊಳಗೆ ಒಂದೂ ಅಲುಗಲಿಲ್ಲ. ನನ್ನವ್ವ ಹಿತ್ತಿಲಲ್ಲಿ ಕೂತು ಅರಿಸಿನದ ಕೈ ಉಜ್ಜುತ್ತಲೇ ಇದ್ದಳು.

ಮಗಳು ನನ್ನ ಹತ್ತಿರ ಬಂದು ಕೇಳಿದಳು:

“ಅಪ್ಪ, ಅವ್ವನೂ ಉಣ್ಣಕಿಲ್ಲ ಅಂತಿದ್ಳಲ್ಲ. ಅವಳ ಬಾಯಲ್ಲಿ ನಾನಿದ್ನಾ?”

ಇಷ್ಟು ದಿನ ಕೂಸು ಏನನ್ನು ಹೊತ್ತು ಕೂತಿತ್ತೆಂದು ನನಗೆ ಆಗ ತಿಳಿಯಿತು.

“ಇಲ್ಲ ಕಣವ್ವ. ಅವಳಿಗೆ ಜರ. ನುಂಗಕ್ಕೆ ಆಯ್ತಿರ್ನಿಲ್ಲ. ನೀನು ಏನೂ ಮಾಡ್ನಿಲ್ಲ.”

“ನಂಗೆ ನುಂಗಕ್ಕೆ ಆಯ್ತದಾ?”

“ಆಯ್ತದೆ ಕಣವ್ವ.”

ಬಾಯಿ ತೆರೆದಳು. ಅನ್ನ ಕಲಸಿ ತುತ್ತಿಟ್ಟೆ. ನುಂಗಿದಳು. ಎರಡನೆಯ ತುತ್ತು ಬಾಯಲ್ಲಿರುವಾಗಲೇ, ಅವ್ವ ಹೋದ ಮೇಲೆ ಮೊದಲ ಸಲ, ದನಿ ತೆಗೆದು ಅತ್ತಳು. ಸುಮ್ಮನಿರಿಸಲು ನನ್ನವ್ವ ಎದ್ದು ಬಂದಳು. ಬೇಡವೆಂದು ಕೈ ತೋರಿಸಿ, ನಾನೂ ಅಳುತ್ತಲೇ ಮೂರನೆಯ ತುತ್ತು ಕಲಸಿದೆ.